ಯಾವ ಗುರುವಾರ

ಮೊದಲು ಕೈಕೊಟ್ಟಿದ್ದು ನಿದ್ದೆ. ಆಮೇಲೆ ಬಣ್ಣ.

ಶಿವಾಜಿನಗರದ ಒಂದು ಮ್ಯಾಚಿಂಗ್ ಸೆಂಟರಿನಲ್ಲಿ ನಾನು ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಹೆಂಗಸರು ಸೀರೆ ತಂದು ಕೌಂಟರಿನ ಮೇಲೆ ಹಾಸುತ್ತಾರೆ. ಅದಕ್ಕೆ ಒಪ್ಪುವ ಬ್ಲೌಸ್ ಬಟ್ಟೆ, ಲೈನಿಂಗ್, ಫಾಲ್ ಹುಡುಕಿ ಕೊಡುವುದು ನನ್ನ ಕೆಲಸ. ರಾಮಾ ಗ್ರೀನ್, ಆನಂದ ಬ್ಲೂ, ಕನಕಾಂಬರ, ಈರುಳ್ಳಿ ಸಿಪ್ಪೆ ಬಣ್ಣ, ಎಲ್ಲವೂ ಯಾವ ಗೂಡಿನಲ್ಲಿವೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆ. ಟ್ಯೂಬ್‌ಲೈಟ್ ಬೆಳಕನ್ನು ನಂಬಬಾರದು ಅನ್ನುವುದು ಈ ಕೆಲಸದಲ್ಲಿ ಮೊದಲು ಕಲಿಯುವ ಪಾಠ. ಅಂಗಡಿಯೊಳಗೆ ಒಂದೇ ಅನಿಸಿದ ಎರಡು ಕೆಂಪು ಹೊರಗೆ ಹೋದರೆ ಒಂದಕ್ಕೊಂದು ಸಂಬಂಧವೇ ಇರುವುದಿಲ್ಲ. ಅದಕ್ಕೇ ಕತ್ತರಿ ಹಾಕುವ ಮುಂಚೆ ಸೀರೆಯನ್ನೂ ಬ್ಲೌಸ್ ಬಟ್ಟೆಯ ಥಾನನ್ನೂ ಬಾಗಿಲಾಚೆ ತೆಗೆದುಕೊಂಡು ಹೋಗಿ ಬಿಸಿಲಿಗೆ ಹಿಡಿದು ನೋಡುತ್ತೇವೆ.

ಒಂದು ಮಧ್ಯಾಹ್ನ ಹಾಗೆಯೇ ಯಾರದ್ದೋ ಈರುಳ್ಳಿ ಬಣ್ಣದ ಸೀರೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನಾಲ್ಕು ರಾತ್ರಿಯಿಂದ ಕಣ್ಣು ಮುಚ್ಚಿರಲಿಲ್ಲ. ಇದ್ದಕ್ಕಿದ್ದಂತೆ ನನಗೂ ಬೀದಿಗೂ ನಡುವೆ ಏನೂ ಉಳಿಯಲಿಲ್ಲ. ಸೀರೆ, ಅದನ್ನು ಹಿಡಿದ ಕೈ, ಎದುರಿನ ಮಾಂಸದಂಗಡಿಯ ತಕ್ಕಡಿ, ಬುರ್ಖಾ ಹಾಕಿಕೊಂಡು ರಸ್ತೆ ದಾಟುತ್ತಿದ್ದ ಮುದುಕಿ, ಎಲ್ಲವೂ ಒಂದೇ ಥಾನಿನಿಂದ ಕತ್ತರಿಸಿದ ತುಂಡುಗಳು ಅನಿಸಿತು. ಯಾರೂ ಬೇರೆಯವರಲ್ಲ. ಅಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು. ಆ ಮೂರು ವರ್ಷದಲ್ಲಿ ಮೊದಲ ಸಲ ನನಗೆ ಭಯವಿರಲಿಲ್ಲ.

ಎರಡು ನಿಮಿಷ ಇದ್ದಿರಬಹುದು. ಅದನ್ನು ಇಲ್ಲೇ ಬರೆದಿಡುತ್ತೇನೆ. ಮುಂದೆ ಎಲ್ಲರೂ ಅದನ್ನು ತಮ್ಮ ತಮ್ಮ ಕಡೆಗೆ ಎಳೆದಾಡಿದರು, ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ.

ಅದಾದ ಮೇಲೆ ಎಲ್ಲವೂ ಮ್ಯಾಚ್ ಆಗತೊಡಗಿತು. ಬಸ್ಸಿನ ಬಣ್ಣಕ್ಕೂ ಕಂಡಕ್ಟರನ ಹಣೆಯ ಕುಂಕುಮಕ್ಕೂ ಸಂಬಂಧವಿತ್ತು. ಹಲಸೂರು ಮೆಟ್ರೋ ಸ್ಟೇಷನ್ನಿನಲ್ಲಿ ಹಸಿರು ಸೀರೆಯುಟ್ಟ ಮೂವರು ಸಾಲಾಗಿ ಇಳಿದರೆ ಅದು ನನಗೆ ಬಂದ ಸುದ್ದಿ. ಒಂದು ವಾರದೊಳಗೆ ಧ್ವನಿ ಬಂತು. ಹೆಣ್ಣು ಧ್ವನಿ, ಎಡಗಿವಿಯ ಹಿಂದೆ, ಮಗ್ಗಿ ಒಪ್ಪಿಸುವ ಟೀಚರಮ್ಮನ ಹಾಗೆ. ಮೊದಮೊದಲು "ಸರಿ ಇದೆ, ಸರಿ ಇದೆ" ಅನ್ನುತ್ತಿತ್ತು. ಆಮೇಲೆ ಅನ್ನ ಮುಟ್ಟಬೇಡ ಅಂದಿತು. ಆಮೇಲೆ ಹಲಸೂರು ಕೆರೆಗೆ ಹೋಗು, ಅಲ್ಲಿ ಕೆಂಪು ಕಾಯುತ್ತಿದೆ ಅಂದಿತು. ನಾನು ಹೋದೆ. ಬೇಲಿ ಎತ್ತರವಿತ್ತು. ಅದೊಂದೇ ಕಾರಣಕ್ಕೆ ವಾಪಸ್ ಬಂದೆ.

ಈಗ ನಮ್ಮ ಮನೆಯ ವಿಷಯ ಹೇಳಬೇಕು.

ನಮ್ಮದು ಹಲಸೂರಿನ ಒಂದು ಕಾಲೊನಿ. ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ರಿಟೈರ್ ಆದವನು. ನಾನು ಹುಟ್ಟುವ ಮುಂಚೆಯೇ ಬೌದ್ಧ ದೀಕ್ಷೆ ತೆಗೆದುಕೊಂಡು, ದೇವರ ಫೋಟೋಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಹೊರಗಿಟ್ಟವನು. ನನಗೆ ಸುಜಾತ ಅಂತ ಹೆಸರಿಟ್ಟಿದ್ದೂ ಬುದ್ಧನಿಗೆ ಪಾಯಸ ಕೊಟ್ಟವಳ ನೆನಪಿಗೆ. ಆದರೆ ಅಪ್ಪನ ತಾಯಿಯ ಮೇಲೆ ಮಾರಮ್ಮ ಬರುತ್ತಿದ್ದಳು. ಇಡೀ ಕಾಲೊನಿ ಅಜ್ಜಿಯ ಮುಂದೆ ಕೈಕಟ್ಟಿ ನಿಲ್ಲುತ್ತಿತ್ತು. ಅಪ್ಪ ಅದನ್ನು ನಿಲ್ಲಿಸಿದ. ಅಜ್ಜಿ ಸಾಯುವವರೆಗೂ ಮಗನ ಜೊತೆ ಸರಿಯಾಗಿ ಮಾತಾಡಲಿಲ್ಲವಂತೆ. ಆ ಗೋಣಿಚೀಲದಿಂದ ಮಾರಮ್ಮನ ಎರಡು ಬೆಳ್ಳಿ ಕಣ್ಣುಗಳನ್ನು ಮಾತ್ರ ಅಪ್ಪನ ತಂಗಿ ಎತ್ತಿಟ್ಟುಕೊಂಡಳು. ಅವಳು ನನ್ನ ಅತ್ತೆ, ಕೆ.ಆರ್. ಪುರದಲ್ಲಿದ್ದಾಳೆ. ಕಣ್ಣುಗಳು ಅವಳ ಮನೆಯಲ್ಲಿ ಒಂದು ಸ್ಟೀಲ್ ಡಬ್ಬಿಯಲ್ಲಿವೆ.

ಇಂಥ ಮನೆಯಲ್ಲಿ ನಾನು ಧ್ವನಿ ಕೇಳುತ್ತಿದೆ ಅಂದೆ.

ಅಪ್ಪನಿಗೆ ಕಾಯಿಲೆ ಕಾಣಲಿಲ್ಲ. ಮೂಢನಂಬಿಕೆ ಕಂಡಿತು. ನಲವತ್ತು ವರ್ಷದ ಹಿಂದೆ ಹೊರಗಟ್ಟಿದ ಮಾರಮ್ಮ ಮಗಳ ಮೂಲಕ ಹಿಂಬಾಗಿಲಿನಿಂದ ನುಗ್ಗುತ್ತಿದ್ದಾಳೆ ಅಂದುಕೊಂಡ. ಎದುರಿಗೆ ಕುರ್ಚಿ ಹಾಕಿಕೊಂಡು ವಾದಕ್ಕೆ ಕೂತ.

"ನಿಂಗೆ ಗೊತ್ತಿಲ್ದೆ ಇರೋದನ್ನ ಆ ಧ್ವನಿ ಒಂದಾದ್ರೂ ಹೇಳಿದ್ಯಾ? ಹೇಳು. ಒಂದೇ ಒಂದು."

ದಿನಾ ಬೆಳಿಗ್ಗೆ ಈ ಪ್ರಶ್ನೆ. ಪುಸ್ತಕ ತೆಗೆದು ಅಡಿಗೆರೆ ಎಳೆದ ಸಾಲುಗಳನ್ನು ಓದಿಸುತ್ತಿದ್ದ. ಆಮೇಲೆ ಗಂಟೆಗಟ್ಟಲೆ ಧ್ಯಾನಕ್ಕೆ ಕೂರಿಸುತ್ತಿದ್ದ, ಉಸಿರನ್ನು ಗಮನಿಸು ಅನ್ನುತ್ತಿದ್ದ. ಕಣ್ಣು ಮುಚ್ಚಿ ಕೂತರೆ ನನಗೆ ಕೇಳುತ್ತಿದ್ದದ್ದು ಉಸಿರಲ್ಲ. ಹೊರಗಿನ ಗದ್ದಲವೂ ನಿಂತು ಆ ಧ್ವನಿಯವಳ ಮಾತು ಇನ್ನೂ ಸ್ಪಷ್ಟವಾಗುತ್ತಿತ್ತು. ಟೈಫಾಯ್ಡ್ ಬಂದಿದ್ದರೆ ಅಪ್ಪ ಅದರ ಜೊತೆ ವಾದ ಮಾಡುತ್ತಿರಲಿಲ್ಲ. ಮಗಳ ತಲೆ ಕೆಟ್ಟಿದ್ದಕ್ಕೆ ಭಾಷಣ ಮಾಡಿದ. ಇದನ್ನು ಬರೆಯುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ. ಬರಲಿ.

ಅತ್ತೆಯದು ಇನ್ನೊಂದು ತರಹ. ಒಂದು ಭಾನುವಾರ ಬಂದವಳು ನನ್ನ ಕಣ್ಣು ನೋಡಿ ಅಲ್ಲೇ ಕೂತು ಅತ್ತಳು. ಮಾರಮ್ಮ ತಾಯಿ ಬಂದಿದಾಳೆ ಅಂದಳು. ಅಪ್ಪ ಪಿಂಚಣಿಯ ಕೆಲಸಕ್ಕೆ ಬ್ಯಾಂಕಿಗೆ ಹೋಗಿದ್ದ ಒಂದು ದಿನ ನನ್ನನ್ನು ಮೆಟ್ರೋ ಹತ್ತಿಸಿ ಕೆ.ಆರ್. ಪುರಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಡಬ್ಬಿ ತೆಗೆದು ಬೆಳ್ಳಿ ಕಣ್ಣುಗಳನ್ನು ನನ್ನ ಮುಂದಿಟ್ಟಳು. ಬೇವಿನ ಸೊಪ್ಪು ಕೈಗೆ ಕೊಟ್ಟಳು. ಮುಂದಿನ ಮಂಗಳವಾರಕ್ಕೆ ಅಂಗಳದಲ್ಲಿ ನಿಂಬೆಹಣ್ಣು ಹಿಡಿದ ಹೆಂಗಸರು ಕೂತಿದ್ದರು.

ನನಗೆ ಖುಷಿಯಾಯಿತು. ಇದನ್ನೂ ಮುಚ್ಚಿಡುವುದಿಲ್ಲ. ಮನೆಯಲ್ಲಿ ದಡ್ಡಿ ಅನಿಸಿಕೊಂಡವಳ ಕಾಲಿಗೆ ಇಲ್ಲಿ ಜನ ಬೀಳುತ್ತಿದ್ದರು. ನಾನು ಬಾಯಿಗೆ ಬಂದದ್ದು ಹೇಳಿದೆ. ಮಗಳ ಮದುವೆ ಕಾರ್ತೀಕಕ್ಕೆ ಅಂದೆ. ಸೈಟಿನ ಕೇಸು ಗೆಲ್ತೀಯ ಅಂದೆ. ಬಾಣಸವಾಡಿ ಕಡೆಯಿಂದ ಬಂದ ಒಬ್ಬ ಹೆಂಗಸಿನ ಮಗ ಜಗಳವಾಡಿ ಮನೆ ಬಿಟ್ಟು ಎರಡು ವರ್ಷವಾಗಿತ್ತು. ಅವನು ಬರ್ತಾನಾ ಅಂತ ಕೇಳಿದಳು. ಅವಳ ಸೀರೆ ಅರಿಶಿನ ಬಣ್ಣದ್ದು. ಅರಿಶಿನ ಅಂದರೆ ಗುರುವಾರ, ಆಗ ನನಗೆ ಅಷ್ಟು ಸ್ಪಷ್ಟವಾಗಿತ್ತು.

"ಗುರುವಾರ ಬರ್ತಾನೆ," ಅಂದೆ.

ಅಪ್ಪ ವಾಪಸ್ ಕರೆತಂದರೆ ಅತ್ತೆ ಮತ್ತೆ ಕರೆದುಕೊಂಡು ಹೋಗುತ್ತಿದ್ದಳು, ಹೀಗೆ ಎರಡು ತಿಂಗಳು ಕಳೆಯಿತು. ಅರ್ಧ ವಾರ ಕೆ.ಆರ್. ಪುರದಲ್ಲಿ ದೇವತೆ, ಇನ್ನರ್ಧ ವಾರ ಹಲಸೂರಿನಲ್ಲಿ ಮೂರ್ಖಳು. ಅಣ್ಣ ತಂಗಿ ಇಬ್ಬರೂ ಫೋನಿನಲ್ಲಿ ಕಿತ್ತಾಡುತ್ತಿದ್ದರು. ನಾನು ಒಂಬತ್ತು ಕೆಜಿ ಇಳಿದಿದ್ದೆ. ಅದು ಇಬ್ಬರಿಗೂ ಕಾಣಲಿಲ್ಲ.

ಕಂಡಿದ್ದು ಅಂಗಡಿಯ ಮಾಲೀಕ ಸಲೀಂ ಭಾಯ್‌ಗೆ. ಅಷ್ಟರಲ್ಲಿ ನಾನು ಅಂಗಡಿಗೆ ಹೋಗುತ್ತಿದ್ದದ್ದೇ ಅಪರೂಪ. ಹೋದ ಒಂದು ದಿನ ಮದುವೆ ಮನೆಯವರು ಧಾರೆ ಸೀರೆ ತಂದರು. ಸೀರೆಯ ತುದಿಯಲ್ಲಿದ್ದ ಬ್ಲೌಸ್ ಪೀಸನ್ನು ಕತ್ತರಿಸಿ ಕೊಡಬೇಕಿತ್ತು. ಕಣ್ಣು ಮುಚ್ಚಿ ಮಾಡುವ ಕೆಲಸ. ಕತ್ತರಿ ಇಟ್ಟೆ. ಕಿವಿಯ ಹಿಂದಿನವಳು ಹೇಳಿದಳು, ಎಲ್ಲ ಒಂದೇ ಅಲ್ಲವಾ, ಗೆರೆ ಯಾಕೆ ಬೇಕು? ನನಗೂ ಹೌದಲ್ಲ ಅನಿಸಿತು.

ಸೆರಗಿನ ನಡುವಿನವರೆಗೂ ಕತ್ತರಿಸಿಬಿಟ್ಟೆ.

ಮದುಮಗಳ ತಾಯಿ ಕಿರುಚಿದ್ದು ನೆನಪಿದೆ. ಎಲ್ಲರೂ ಹಿಂದೆ ಸರಿದರು. ಸಲೀಂ ಭಾಯ್ ಒಬ್ಬರೇ ಮುಂದೆ ಬಂದು ಕೈ ಚಾಚಿ, ಕತ್ತರಿ ಕೊಡಮ್ಮ ಅಂದರು. ಬೈಯಲಿಲ್ಲ. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಮನೆಯಿಂದ ಹೆಂಡತಿಯನ್ನು ಕರೆಸಿ, ಆಟೋ ಹತ್ತಿಸಿದರು. ದಾರಿಯಲ್ಲಿ ಒಂದೇ ಮಾತು ಹೇಳಿದ್ದು.

"ನನ್ ತಮ್ಮನಿಗೂ ಹಿಂಗೇ ಆಗಿತ್ತು ಸುಜಾತಾ. ಆರು ವರ್ಷ ದರ್ಗಾ ದರ್ಗಾ ಸುತ್ತಿಸಿದ್ವಿ. ಡಾಕ್ಟರ್ ಹತ್ರ ಲೇಟಾಗಿ ಹೋದ್ವಿ. ನೀನು ಇವತ್ತೇ ಹೋಗ್ಬೇಕು."

ಆಸ್ಪತ್ರೆಯ ಓಪಿಡಿಯಲ್ಲಿ ನನ್ನನ್ನು ನೋಡಿದ್ದು ಒಬ್ಬ ಲೇಡಿ ಡಾಕ್ಟರ್. ಆ ಹೊತ್ತಿಗೆ ಅಪ್ಪನೂ ಬಂದಿದ್ದ. ಬ್ಲಡ್ ಟೆಸ್ಟು, ಸ್ಕ್ಯಾನು ಬರೆದುಕೊಟ್ಟು, ನನ್ನ ಜೊತೆ ಮುಕ್ಕಾಲು ಗಂಟೆ ಮಾತಾಡಿ, ಸೈಕೋಸಿಸ್ ಅಂದರು. ಅಡ್ಮಿಟ್ ಆಗಬೇಕು ಅಂದರು. ಯಾವಾಗಿನಿಂದ ಹೀಗಿದ್ದಾರೆ ಅಂತ ಅಪ್ಪನನ್ನು ಕೇಳಿದರು. ಎರಡು ತಿಂಗಳು ಅಂದ.

"ಇಷ್ಟ್ ದಿನ ಏನ್ ಮಾಡ್ತಿದ್ರಿ?"

ಅಪ್ಪ ಅಡ್ಮಿಷನ್ ಫಾರಂ ಎಳೆದುಕೊಂಡು ಸಹಿ ಹಾಕಿದ.

ವಾರ್ಡಿನಲ್ಲಿ ಮೂರು ವಾರ. ಇಂಜೆಕ್ಷನ್. ನಿದ್ದೆ. ಒಣಗಿದ ನಾಲಿಗೆ. ನಡುಗುವ ಕೈ. ಎರಡನೇ ವಾರದಲ್ಲಿ ಅವಳ ಧ್ವನಿ ಪಕ್ಕದ ಮನೆಯ ರೇಡಿಯೋದಷ್ಟು ದೂರವಾಯಿತು. ಮೂರನೇ ವಾರ ಇಲ್ಲವಾಯಿತು. ಎಲ್ಲರೂ ಸಂತೋಷಪಟ್ಟರು. ನಾನು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ. ಭಯ ಹೋಗಿತ್ತು, ಸರಿ. ಆದರೆ ಜೊತೆಯಲ್ಲಿ ಆ ಬಾಗಿಲು, ಆ ಬಿಸಿಲು, ಆ ಎರಡು ನಿಮಿಷವೂ ಹೋಗಿತ್ತು. ತಲೆಯೊಳಗೆ ಖಾಲಿ ಗೋಡೌನ್ ಉಳಿದಿತ್ತು.

ನಾನು ಸ್ವಲ್ಪ ಎಚ್ಚರವಾಗಿರತೊಡಗಿದಾಗ ಅಪ್ಪ ಅತ್ತೆ ಇಬ್ಬರೂ ವಿಸಿಟಿಂಗ್ ಅವರ್ಸಿನಲ್ಲಿ ಬಂದು ಮಂಚದ ಎರಡೂ ಕಡೆ ನಿಂತು ಜಗಳ ಮುಂದುವರಿಸಿದರು. ನೋಡ್ದ್ಯಾ, ಬರೀ ಕೆಮಿಕಲ್ಲು, ಮೆದುಳಲ್ಲಿ ಏರುಪೇರು ಅಷ್ಟೇ, ಅಂದ ಅಪ್ಪ. ಅವನ ಮುಖದಲ್ಲಿ ಗೆದ್ದ ಕಳೆ ಇತ್ತು. ಎರಡು ತಿಂಗಳು ಮಗಳನ್ನು ಸುಡುವ ಕೆಂಡದ ಮೇಲೆ ಧ್ಯಾನಕ್ಕೆ ಕೂರಿಸಿದ್ದು ಮರೆತೇ ಹೋಗಿತ್ತು. ಮನೆಗೆ ಬಂದ ತಾಯಿನ ಮಾತ್ರೆ ಕೊಟ್ಟು ಓಡಿಸಿದ್ರಿ, ಅಂದಳು ಅತ್ತೆ. ಅವಳಿಗೂ ನನ್ನ ಒಂಬತ್ತು ಕೆಜಿ ಮುಖ್ಯವಾಗಿರಲಿಲ್ಲ. ಇಬ್ಬರಿಗೂ ಉತ್ತರ ಗೊತ್ತಿತ್ತು. ನಾನು ಅವರ ಚರ್ಚೆಗೆ ಹಾಸಿದ ಚಾಪೆ.

ಡಾಕ್ಟರ್ ಒಂದು ಫಾರಂ ಇಟ್ಟುಕೊಂಡು ಕೇಳಿದರು, ಅದೆಲ್ಲ ಕಾಯಿಲೆ ಅಂತ ಈಗ ನಿಮಗೆ ಅನಿಸುತ್ತದಾ? ಎಲ್ಲವೂ ಕಾಯಿಲೆ, ಎಲ್ಲವೂ ಸುಳ್ಳು ಅಂದೆ. ಮನೆಗೆ ಹೋಗುವ ಆಸೆ ಅಷ್ಟಿತ್ತು. ಅವರು ಇನ್‌ಸೈಟ್, ಅಂದರೆ ಕಾಯಿಲೆಯ ಅರಿವು, ಎಂಬ ಪದದ ಮುಂದೆ ಟಿಕ್ ಹಾಕಿದರು. ಎರಡು ದಿನಕ್ಕೆ ಡಿಸ್‌ಚಾರ್ಜ್ ಆಯಿತು.

ಮನೆಗೆ ಬಂದ ಮೇಲೆ ಗೊತ್ತಾಯಿತು, ಇನ್ನು ನನ್ನ ಮಾತಿಗೆ ಬೆಲೆಯಿಲ್ಲ. ಸಾರಿಗೆ ಉಪ್ಪು ಕಮ್ಮಿ ಅಂದರೂ ಅಪ್ಪ ಒಂದು ಕ್ಷಣ ನನ್ನ ಮುಖ ನೋಡಿ, ಆಮೇಲೆ ತಾನೇ ರುಚಿ ನೋಡುತ್ತಿದ್ದ. ಜೋರಾಗಿ ನಕ್ಕರೆ ಮಾತ್ರೆ ತಗೊಂಡ್ಯಾ ಅನ್ನುತ್ತಿದ್ದ. ದಿನಾ ಊಟವಾದ ಮೇಲೆ ಮಾತ್ರೆ ಕೊಟ್ಟು, ಬಾಯಿ ತೆಗೆ ಅಂದು, ಮೊಬೈಲ್ ಟಾರ್ಚ್ ಹಚ್ಚಿ, ನಾಲಿಗೆ ಎತ್ತಿಸಿ ನೋಡುತ್ತಿದ್ದ. ಮೂವತ್ತೇಳು ವರ್ಷದ ಹೆಂಗಸು ನಾನು. ಎಲ್‌ಕೆಜಿ ಮಗುವಿನ ಹಾಗೆ ಬಾಯಿ ತೆರೆದು ನಿಲ್ಲುತ್ತಿದ್ದೆ. ಮಾತ್ರೆ ನಾನು ಒಂದು ದಿನವೂ ತಪ್ಪಿಸಿರಲಿಲ್ಲ. ಅದನ್ನು ಹೇಳಿದರೆ ನಂಬಬೇಕಲ್ಲ.

ಮೂರು ತಿಂಗಳ ನಂತರ ಸಲೀಂ ಭಾಯ್ ಮತ್ತೆ ಕೆಲಸಕ್ಕೆ ಕರೆದರು. ಅದು ಅವರ ದೊಡ್ಡ ಮನಸ್ಸು. ಆದರೆ ಫಾಲ್ ಮತ್ತು ದಾರದ ರೀಲಿನ ಮೂಲೆಗೆ ಹಾಕಿದರು. ಕತ್ತರಿ ಕೊಡಲಿಲ್ಲ. ನಾನೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ ಮಾತ್ರೆಯಿಂದ ಕಣ್ಣು ಮಂಜಾಗುತ್ತಿತ್ತು, ಎರಡು ಮೆರೂನ್ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ಗೊತ್ತಾಗುತ್ತಿರಲಿಲ್ಲ. ಅಂಗಡಿಗೇ ಕಣ್ಣಾಗಿದ್ದವಳು ರೀಲು ಎಣಿಸುತ್ತಾ ಕೂತೆ.

ಆ ದಿನಗಳಲ್ಲೇ ಅವಳು ಬಂದಿದ್ದು. ಬಾಣಸವಾಡಿಯ ಹೆಂಗಸು. ಕೆಲಸದಿಂದ ವಾಪಸ್ ಬಂದಾಗ ಹಲಸೂರಿನ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಅತ್ತೆ ವಿಳಾಸ ಕೊಟ್ಟಿದ್ದಳಂತೆ. ನನ್ನನ್ನು ಕಂಡದ್ದೇ ಎದ್ದು ಕಾಲಿಗೆ ಬಗ್ಗಿದಳು. ಕೈಯಲ್ಲಿ ನಿಂಬೆಹಣ್ಣು. ನಾನು ಹೇಳಿದ ಗುರುವಾರ ಅವಳು ಕೋಳಿ ಸಾರು, ಮುದ್ದೆ ಮಾಡಿ, ಮಗನಿಗೆ ಇಷ್ಟವೆಂದು ಒಬ್ಬಟ್ಟೂ ಮಾಡಿ, ಬಾಗಿಲು ತೆಗೆದಿಟ್ಟು ಕಾದಳಂತೆ. ಅವನು ಬರಲಿಲ್ಲ. ಮುಂದಿನ ಗುರುವಾರವೂ ಮಾಡಿದಳಂತೆ. ಅದರ ಮುಂದಿನದಕ್ಕೂ. ಅವಳ ಧ್ವನಿಯಲ್ಲಿ ದೂರು ಇರಲಿಲ್ಲ. ತಪ್ಪೆಲ್ಲ ತನ್ನದೇ ಅನ್ನುವ ಹಾಗೆ, ಸಂಕೋಚದಿಂದ ಕೇಳಿದಳು.

"ಯಾವ ಗುರುವಾರ ಅಂತ ನಾನು ಕೇಳ್ಲೇ ಇಲ್ಲ ತಾಯಿ. ಅದನ್ನ ಕೇಳ್ಕೊಂಡ್ ಹೋಗೋಣ ಅಂತ ಬಂದೆ."

ಧ್ವನಿ ಇದ್ದಾಗ ಆಗದಷ್ಟು ಹೆದರಿಕೆ ನನಗೆ ಆಗ ಆಯಿತು. ಒಂದು ತಾರೀಖು ಹೇಳಿಬಿಟ್ಟರೆ ಅವಳು ನಗುತ್ತಾ ಹೋಗುತ್ತಿದ್ದಳು. ಬಾಯಿವರೆಗೂ ಬಂದಿತ್ತು.

"ನಂಗೊತ್ತಿಲ್ಲ ಅಮ್ಮಾ," ಅಂದೆ. "ಆವತ್ತೂ ಗೊತ್ತಿರ್ಲಿಲ್ಲ. ನಂಗೆ ಹುಷಾರಿರ್ಲಿಲ್ಲ."

ಅವಳು ನಿಂಬೆಹಣ್ಣನ್ನು ಮೆಟ್ಟಿಲ ಮೇಲಿಟ್ಟು, ಸೆರಗು ಹೊದ್ದು, ರಸ್ತೆ ಕಡೆ ಹೋದಳು. ಆ ಹಣ್ಣು ಒಣಗಿ ಕಪ್ಪಾಗುವವರೆಗೂ ಅಲ್ಲೇ ಇತ್ತು. ಎತ್ತಿ ಎಸೆಯಲು ನನಗೆ ಕೈ ಬರಲಿಲ್ಲ, ಅಪ್ಪನೂ ಎಸೆಯಲಿಲ್ಲ.

ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಪಂಚಶೀಲ ಹೇಳುತ್ತೇವೆ. ಚಿಕ್ಕಂದಿನಿಂದ ಸ್ಕೂಲಿನ ಪ್ರಾರ್ಥನೆಯ ಹಾಗೆ ಬಾಯಿಪಾಠ. ನಾಲ್ಕನೆಯದು, ಸುಳ್ಳು ಹೇಳುವುದಿಲ್ಲ ಅನ್ನುವುದು. ಆ ಹೆಂಗಸು ಬಂದು ಹೋದ ಮರುದಿನ ನಾಲ್ಕನೆಯದನ್ನು ಒಂದೊಂದೇ ಪದವಾಗಿ ಬಿಡಿಸಿ ಹೇಳಿದೆ. ಮೂವತ್ತು ವರ್ಷದಿಂದ ಹೇಳುತ್ತಿದ್ದ ಮಾತು ಆ ದಿನ ನನ್ನದಾಯಿತು. ಜನ ಕೇಳುತ್ತಾರೆ, ಇಷ್ಟೆಲ್ಲ ಆದ ಮೇಲೆ ನಿನಗೆ ಏನು ಸಿಕ್ಕಿತು ಅಂತ. ಎಲ್ಲ ಕಷ್ಟದಿಂದಲೂ ಏನಾದರೂ ಸಿಗಲೇಬೇಕು ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನನಗೆ ಸಿಕ್ಕಿದ್ದು ಇಷ್ಟೇ. ಕಂಡದ್ದನ್ನು ಕಂಡೆ ಅನ್ನುವುದು, ಕಾಣದ್ದನ್ನು ಕಾಣಲಿಲ್ಲ ಅನ್ನುವುದು. ಇದು ಸುಲಭ ಅಂದುಕೊಂಡವರು ಒಮ್ಮೆ ಆ ಮೆಟ್ಟಿಲ ಮೇಲೆ ನಿಂತು ನೋಡಬೇಕು.

ಹಾಗಾಗಿ ಮುಂದಿನ ಫಾಲೋ-ಅಪ್‌ನಲ್ಲಿ ಡಾಕ್ಟರಿಗೂ ನಿಜ ಹೇಳಿದೆ. ಧ್ವನಿ ಕಾಯಿಲೆ. ಕೆರೆ ಕಾಯಿಲೆ. ಗುರುವಾರ ಕಾಯಿಲೆ. ಆದರೆ ಬಿಸಿಲಲ್ಲಿ ನಿಂತ ಆ ಎರಡು ನಿಮಿಷವನ್ನು ಸುಳ್ಳು ಅನ್ನಲು ನನ್ನಿಂದ ಆಗುವುದಿಲ್ಲ, ಆ ದಿನ ಫಾರಂನಲ್ಲಿ ಬರೆಸಿದ್ದು ತಪ್ಪು. ಮತ್ತೆ ಅಡ್ಮಿಟ್ ಮಾಡುತ್ತಾರೇನೋ ಅನ್ನುವ ಭಯ ಇದ್ದೇ ಇತ್ತು. ಅವರು ಪೆನ್ನು ಕೆಳಗಿಟ್ಟರು.

"ಅದೂ ಕಾಯಿಲೆ ಜೊತೆಗೇ ಬಂದಿದ್ದು ಸುಜಾತ. ಆದ್ರೆ ಅದಕ್ಕೆ ಏನರ್ಥ ಅಂತ ನಾನು ಹೇಳಕ್ಕಾಗಲ್ಲ, ಅದು ನಿಮಗೆ ಬಿಟ್ಟಿದ್ದು. ಮಾತ್ರೆ ಮಾತ್ರ ನಿಲ್ಲಿಸ್ಬೇಡಿ. ನಿದ್ದೆ ಕೆಟ್ರೆ ಅವತ್ತೇ ಬನ್ನಿ."

ಡೋಸ್ ಸ್ವಲ್ಪ ಕಮ್ಮಿ ಮಾಡಿದರು. ಕಣ್ಣಿನ ಮಂಜು ಈಗ ಅರ್ಧ ಹೋಗಿದೆ.

ಅತ್ತೆ ಮಾತು ಬಿಟ್ಟಿದ್ದಾಳೆ. ಅವಳ ಅಂಗಳಕ್ಕೆ ಬರುತ್ತಿದ್ದ ಹೆಂಗಸರು ನನ್ನನ್ನು ಹುಚ್ಚಿ ಅನ್ನುತ್ತಾರಂತೆ. ಕಾಯಿಲೆ ಇದ್ದಾಗ ದೇವರು, ಹುಷಾರಾದ ಮೇಲೆ ಹುಚ್ಚಿ. ಅವರ ಲೆಕ್ಕ ಅವರಿಗೆ. ಕತ್ತರಿ ಇನ್ನೂ ಸಲೀಂ ಭಾಯ್ ಕೈಯಲ್ಲೇ ಇದೆ. ಹೋದ ವಾರ ಗಿರಾಕಿಯೊಬ್ಬರ ಮೆರೂನ್ ಸೀರೆ ಹಿಡಿದು, ಇದು ಒಪ್ಪುತ್ತಾ ಅಂತ ಕೇಳಿದರು. ಗೊತ್ತಾಗ್ತಿಲ್ಲ, ಬಿಸಿಲಿಗೆ ಹಿಡಿದು ನೋಡೋಣ ಅಂದೆ. ಇಬ್ಬರೂ ಬಾಗಿಲಿಗೆ ಹೋದೆವು. ಒಪ್ಪಲಿಲ್ಲ. ಅವರು ತಲೆಯಾಡಿಸಿ ಥಾನನ್ನು ಗೂಡಿಗೆ ಹಾಕಿದರು. ಅಷ್ಟೇ.

ಈ ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದೆವು. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರು, ಅವರ ಪಕ್ಕದಲ್ಲಿ ಅಮ್ಮನ ಫೋಟೋ. ಅಪ್ಪ ಪೇಪರ್ ಮಡಿಸಿ ಕೆಳಗಿಟ್ಟ. ಮತ್ತೆ ಎತ್ತಿಕೊಂಡ. ಮತ್ತೆ ಇಟ್ಟ. ಅವನು ನನ್ನ ಕಡೆ ನೋಡುತ್ತಿರಲಿಲ್ಲ.

"ಸುಜಾತ, ಆವಾಗ... ಹುಷಾರಿಲ್ದೆ ಇದ್ದಾಗ..."

ನಾನು ಲೋಟ ಇಟ್ಟೆ.

"ನಿಮ್ಮಮ್ಮ ಏನಾದ್ರೂ ಕಾಣಿಸಿದ್ಲಾ?"

ದೇವರ ಫೋಟೋಗಳನ್ನು ಗೋಣಿಚೀಲಕ್ಕೆ ತುಂಬಿದವನು. ಅದಕ್ಕಾಗಿ ಹೆತ್ತ ತಾಯಿಯ ಮಾತನ್ನೇ ಕಳೆದುಕೊಂಡವನು. ಒಂದೇ ಒಂದು ಸಾಕ್ಷಿ ಕೊಡು ಎಂದು ಎರಡು ತಿಂಗಳು ನನ್ನ ಜೀವ ತಿಂದವನು. ಆ ಎಲ್ಲ ವಾದದ ಅಡಿಯಲ್ಲಿ ಈ ಪ್ರಶ್ನೆಯನ್ನು ಇಟ್ಟುಕೊಂಡು ಕೂತಿದ್ದ. ಒಂದು ವರ್ಷದಲ್ಲಿ ಅವನು ನನ್ನನ್ನು ಕೇಳಿದ ಮೊದಲ ನಿಜವಾದ ಪ್ರಶ್ನೆ ಅದು. ಕಾಣಿಸಿದಳು ಅಂದರೆ ಸಾಕಿತ್ತು. ಚೆನ್ನಾಗಿದ್ದಳು, ನಗುತ್ತಿದ್ದಳು, ನಿನ್ನನ್ನು ಕೇಳಿದಳು ಅಂದರೆ ಮುದುಕ ಸಾಯುವವರೆಗೂ ಅದನ್ನು ಎದೆಯಲ್ಲಿಟ್ಟುಕೊಂಡಿರುತ್ತಿದ್ದ. ಕೊಡಲು ನನ್ನ ಬಳಿ ಬೇರೇನೂ ಇರಲಿಲ್ಲ. ಅವನ ವಾದವನ್ನೆಲ್ಲ ಕೆಡವಿ ಸೇಡು ತೀರಿಸಿಕೊಳ್ಳುವುದಕ್ಕೂ ಅದೇ ಮಾತು ಸಾಕಿತ್ತು.

"ಇಲ್ಲಪ್ಪಾ," ಅಂದೆ. "ಅಮ್ಮ ಕಾಣಿಸ್ಲಿಲ್ಲ."

ಅಪ್ಪ ತಲೆಯಾಡಿಸಿದ. ತಣ್ಣಗಾದ ಕಾಫಿಯನ್ನು ಕೊನೆಯವರೆಗೂ ಕುಡಿದ. ಎರಡೂ ಲೋಟ ತಾನೇ ತೊಳೆದಿಟ್ಟ.

ಆ ರಾತ್ರಿ ಊಟವಾದ ಮೇಲೆ ಮಾತ್ರೆ ನುಂಗಿ, ನೀರು ಕುಡಿದು, ಎಂದಿನಂತೆ ಅಪ್ಪನ ಮುಂದೆ ಹೋಗಿ ಬಾಯಿ ತೆರೆದು ನಿಂತೆ. ಮೊಬೈಲ್ ಅವನ ಪಕ್ಕದಲ್ಲೇ ಇತ್ತು. ಎತ್ತಿಕೊಳ್ಳಲಿಲ್ಲ.

"ನುಂಗಿದ್ಯಾ?" ಅಂದ.

"ನುಂಗಿದೆ," ಅಂದೆ.

"ಸರಿ, ಹೋಗಿ ಮಲ್ಕೋ," ಅಂದ.